ಗೋಡೆ ಉಪ್ಪು ಬಿಟ್ಟಿದೆ: ಬ್ರಷ್ಷೋ, ಆಸಿಡ್ಡೋ, ಲೇಪವೋ, ಸುಣ್ಣದ ಗಾರೆಯೋ?

ಮಳೆಗಾಲ ಕಳೆದು ಒಣಗಾಳಿ ಶುರುವಾದ ಮೇಲೆ ಇಟ್ಟಿಗೆ ಗೋಡೆ, ಕಾಂಪೌಂಡು, ಸೈಜ್ ಕಲ್ಲಿನ ತಳಪಾಯ, ಅಂಗಳದ ಪೇವರ್ ಬ್ಲಾಕು ಎಲ್ಲವೂ ಬೆಳ್ಳಗೆ ಹೂ ಬಿಡತೊಡಗುತ್ತವೆ. ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದರೆ ಆಸಿಡ್ ಕ್ಯಾನು ತೆಗೆದಿಡುತ್ತಾರೆ. ಪೇಂಟರು ವಾಟರ್‌ಪ್ರೂಫ್ ಪೇಂಟ್ ಅನ್ನುತ್ತಾರೆ. ಮೇಸ್ತ್ರಿ, ‘ಗಾರೆ ಕೆತ್ತಿ ಗಟ್ಟಿ ಸಿಮೆಂಟು ಬಳಿದುಬಿಡೋಣ’ ಅನ್ನುತ್ತಾರೆ. ಮೂವರೂ ಹೇಳುವುದು ತಮ್ಮ ಕೈಯಲ್ಲಿರುವ ಕೆಲಸವನ್ನೇ. ಈ ಮೂರೂ ಕೆಲಸಕ್ಕೆ ಬರುವ ಗೋಡೆಗಳಿವೆ, ಮೂರೂ ಹಾಳುಮಾಡುವ ಗೋಡೆಗಳೂ ಇವೆ. ಯಾವುದು ಎಲ್ಲಿ ಎಂದು ತೀರ್ಮಾನಿಸಲು ಎರಡು ಸಂಗತಿ ತಿಳಿದಿರಬೇಕು: ಮೇಲೆ ಕಾಣುವ ಬಿಳಿ ಏನು, ಮತ್ತು ಅದನ್ನು ಹೊತ್ತು ತಂದ ನೀರು ಯಾವ ದಾರಿಯಲ್ಲಿ ಬಂತು.

ಉಪ್ಪು ತಾನಾಗಿ ನಡೆಯುವುದಿಲ್ಲ, ನೀರಿನ ಬೆನ್ನೇರಿ ಬರುತ್ತದೆ. ಇಟ್ಟಿಗೆಯ ಮಣ್ಣಿನಲ್ಲಿ, ಸಿಮೆಂಟಿನಲ್ಲಿ, ಮರಳಿನಲ್ಲಿ, ಕ್ಯೂರಿಂಗಿಗೆ ಹೊಡೆದ ಬೋರ್‌ವೆಲ್ ನೀರಿನಲ್ಲಿ, ತಳಪಾಯದ ಕೆಳಗಿನ ನೆಲದಲ್ಲಿ ಕರಗುವ ಲವಣ ಇದ್ದೇ ಇರುತ್ತದೆ. ಗೋಡೆಯ ಒಳಗಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಬಂದು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ನೀರು ಮೇಲ್ಮೈವರೆಗೂ ಬಂದು ಆರಿದರೆ ಹರಳು ಹೊರಗೆ ಕಟ್ಟುತ್ತದೆ. ಅದು ಕಣ್ಣಿಗೆ ಕೆಟ್ಟದಾಗಿ ಕಂಡರೂ ಗೋಡೆಗೆ ಅಷ್ಟೇನೂ ಕೆಡುಕಲ್ಲ. ಮೇಲ್ಮೈಗೆ ಬರುವ ಮೊದಲೇ, ಕೆಲವು ಮಿಲಿಮೀಟರ್ ಒಳಗೇ ಆರಿದರೆ ಹರಳು ರಂಧ್ರದೊಳಗೆ ಬೆಳೆದು ಅದರ ಗೋಡೆಯನ್ನು ಒತ್ತುತ್ತದೆ. ಇಟ್ಟಿಗೆಯ ಮುಖ ಪದರ ಪದರವಾಗಿ ಕಳಚುವುದು, ಗಾರೆ ಉಬ್ಬಿ ಉದುರುವುದು ಇದರಿಂದಲೇ. ಹೊರಗಿನ ಬಿಳಿಯನ್ನು ಮುಚ್ಚಿಹಾಕುವ ಅವಸರದಲ್ಲಿ ಅದನ್ನು ಒಳಗೆ ಅಟ್ಟುವ ಉಪಾಯಗಳೇ ಹೆಚ್ಚು ಹಾನಿ ಮಾಡುತ್ತವೆ. ಮುಂದಿನ ಹೋಲಿಕೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ಮೊದಲು ಬಿಳಿಯ ಜಾತಿ ಹಿಡಿಯಿರಿ

ಹತ್ತು ನಿಮಿಷದ ಕೆಲಸ ಇದು. ಚಾಕುವಿನ ತುದಿಯಿಂದ ಅರ್ಧ ಚಮಚ ಪುಡಿ ಕೆರೆದು ಗಾಜಿನ ಲೋಟಕ್ಕೆ ಹಾಕಿ, ಮೇಲೆ ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸುರಿದು ಕಲಕಿ. ಪೂರ್ತಿ ಕರಗಿದರೆ ಅದು ಸೋಡಿಯಂ, ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂನ ಲವಣ. ಇಟ್ಟಿಗೆ ಗೋಡೆಯಲ್ಲಿ ಸಾಮಾನ್ಯವಾಗಿ ಸಲ್ಫೇಟು, ಕರಾವಳಿಯಲ್ಲಿ ಕ್ಲೋರೈಡು, ಹಳೆಯ ಕೊಟ್ಟಿಗೆ ಅಥವಾ ಒಡೆದ ಚರಂಡಿಯ ಮಗ್ಗುಲಿನ ಗೋಡೆಯಲ್ಲಿ ನೈಟ್ರೇಟು. ಕರಗದೆ ತಳದಲ್ಲಿ ಕೂತರೆ, ನೀರು ಬಸಿದು ಎರಡು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ. ಗುಳ್ಳೆ ಎದ್ದರೆ ಕ್ಯಾಲ್ಸಿಯಂ ಕಾರ್ಬೊನೇಟು: ಸಿಮೆಂಟಿನಿಂದ ಹೊರಬಂದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾದದ್ದು. ನೀರಿಗೂ ಕರಗದೆ ಹುಳಿಗೂ ನೊರೆಯದೆ ಉಳಿದರೆ ಅನೇಕ ವೇಳೆ ಜಿಪ್ಸಮ್. ಲೀಟರಿಗೆ ಎರಡೂವರೆ ಗ್ರಾಂನಷ್ಟೂ ಕರಗದ ಲವಣ ಅದು, ಹಾಗಾಗಿ ಅರ್ಧ ಲೋಟ ನೀರಿನಲ್ಲಿ ಅದರ ಆಟ ನಡೆಯುವುದಿಲ್ಲ. ನೀರು ತಾಗಿದ ಕೂಡಲೇ ಕಪ್ಪಗಾಗಿ ಲೋಳೆಯಾಗುವ, ಮುಗ್ಗಲು ವಾಸನೆಯ, ಹತ್ತಿಯಂಥ ಬಿಳಿ ಉಪ್ಪೇ ಅಲ್ಲ. ಅದು ಬೂಷ್ಟು, ಅದರ ಚಿಕಿತ್ಸೆಯೇ ಬೇರೆ.

ನಾಲಿಗೆಗೆ ತಾಗಿಸಿ ನೋಡುವ ಹಳೆಯ ರೂಢಿ ಬೇಡ. ಚರಂಡಿ ನೀರು ಹೀರಿದ ಗೋಡೆಯೂ ಉಪ್ಪಾಗಿಯೇ ಇರುತ್ತದೆ.

ನೀರಿನ ದಾರಿ

ಬಿಳಿ ನೆಲದಿಂದ ಶುರುವಾಗಿ ಮೂರು-ನಾಲ್ಕು ಅಡಿ ಎತ್ತರದಲ್ಲಿ ಅಲೆಯಂಥ ಗೆರೆ ಕಟ್ಟಿ ನಿಂತಿದ್ದರೆ ನೀರು ಕೆಳಗಿನಿಂದ ಏರುತ್ತಿದೆ. ತಳಪಾಯದ ಮೇಲೆ ತೇವ ತಡೆಯುವ ಪದರ ಇಲ್ಲ, ಅಥವಾ ಇದ್ದರೂ ಹೊರಗೆ ಅಂಗಳ ಎತ್ತರಿಸಿ ಮಣ್ಣನ್ನು ಅದರ ಮೇಲಕ್ಕೆ ತಂದಿದ್ದಾರೆ. ಎರಡನೆಯದು ನಮ್ಮ ಊರುಗಳಲ್ಲಿ ವಿಪರೀತ. ರಸ್ತೆಗೆ ಪ್ರತಿ ಸಲ ಡಾಂಬರು ಬಿದ್ದಾಗಲೂ ಮನೆ ಒಂದೊಂದು ಇಂಚು ತಗ್ಗಿಗೆ ಇಳಿಯುತ್ತದೆ. ಬಿಳಿ ಒಂದೇ ಕಡೆ ತೇಪೆಯಾಗಿದ್ದು ಗೋಡೆಯ ಆಚೆ ಬಚ್ಚಲೋ ಅಡುಗೆಮನೆಯೋ ಇದ್ದರೆ ಪೈಪು ಅಥವಾ ಬಚ್ಚಲಿನ ತಗ್ಗು ಸ್ಲ್ಯಾಬು ಸೋರುತ್ತಿದೆ. ಎಲ್ಲ ನಲ್ಲಿ ಮುಚ್ಚಿ ಮೀಟರಿನ ಮುಳ್ಳು ನೋಡಿ, ಅರ್ಧ ಗಂಟೆಯಲ್ಲಿ ಅಲುಗಿದರೆ ಅನುಮಾನ ಗಟ್ಟಿಯಾಯಿತು. ಕಾಂಪೌಂಡಿನ ನೆತ್ತಿಯಿಂದ ಕೆಳಕ್ಕೆ ಇಳಿದ ಬಿಳಿಗೆ ಕಾರಣ ಮೇಲಿನ ಮುಚ್ಚುಗಲ್ಲು ಇಲ್ಲದಿರುವುದು. ಇಡೀ ಮುಖಕ್ಕೆ ಸಮನಾಗಿ ಹರಡಿದ್ದು, ಮನೆ ಕಟ್ಟಿ ಎರಡು ವರ್ಷ ಆಗಿಲ್ಲದಿದ್ದರೆ ಅದು ಕಟ್ಟುವಾಗ ಸೇರಿದ ನೀರೇ ಹೊರಬರುತ್ತಿರುವುದು.

ಸಂದೇಹ ಇದ್ದರೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಎದುರಿನ ಮುಖದಲ್ಲಿ ಕೂತಿದ್ದರೆ ಕೋಣೆಯ ಗಾಳಿಯ ತೇವ. ನೀರು ನಿಲ್ಲುವ ಮುನ್ನ ಕೆಳಗಿನ ಯಾವ ದಾರಿಗೂ ದೊಡ್ಡ ಹಣ ಸುರಿಯಬೇಡಿ.

ಒಣ ಬ್ರಷ್ಷು

ನೀರಿನಲ್ಲಿ ಕರಗುವ ಲವಣಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಇದಕ್ಕಿಂತ ಅಗ್ಗದ್ದೂ ಇಲ್ಲ. ಆದರೂ ಜನ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಯಾಕೆಂದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಬಿಸಿಲಿನ ಒಣ ದಿನ ನೋಡಿ ಗಡುಸು ನೈಲಾನ್ ಅಥವಾ ತೆಂಗಿನ ನಾರಿನ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ. ಉಕ್ಕಿನ ತಂತಿ ಬ್ರಷ್ಷು ಬೇಡ. ಅದರ ಚೂರುಗಳು ರಂಧ್ರದಲ್ಲಿ ಉಳಿದು ಮುಂದಿನ ಮಳೆಗೆ ತುಕ್ಕಿನ ಕಲೆ ಬಿಡುತ್ತವೆ, ಮೆತ್ತನೆಯ ನಾಡ ಇಟ್ಟಿಗೆಯ ಸುಟ್ಟ ಮೇಲ್ಪದರವನ್ನೂ ಕೆರೆದುಹಾಕುತ್ತವೆ. ಉದುರಿದ ಪುಡಿಯನ್ನು ಗೋಡೆಯ ಬುಡದಲ್ಲಿ ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಅದೇ ಉಪ್ಪು ಮುಂದಿನ ಮಳೆಯಲ್ಲಿ ಕರಗಿ ಮತ್ತೆ ಗೋಡೆ ಹತ್ತುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಇಲ್ಲವೇ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎತ್ತಿಬಿಡಿ. ಎರಡು ವಾರಕ್ಕೊಮ್ಮೆ, ಬಿಳಿ ಏಳುವುದು ನಿಲ್ಲುವವರೆಗೆ ಮಾಡಿ. ಹೊಸ ಮನೆಯಲ್ಲಿ ಇಷ್ಟೇ ಸಾಕಾಗುವುದು ಸಾಮಾನ್ಯ. ಪ್ರತಿ ಸಲ ಏಳುವ ಬಿಳಿ ಹಿಂದಿನದಕ್ಕಿಂತ ಕಡಿಮೆಯಾಗುತ್ತಿದ್ದರೆ ಗೋಡೆ ತನ್ನ ಉಪ್ಪನ್ನು ಕಕ್ಕಿ ಮುಗಿಸುತ್ತಿದೆ. ಕಡಿಮೆಯಾಗದಿದ್ದರೆ ಎಲ್ಲೋ ನೀರು ಇನ್ನೂ ಬರುತ್ತಿದೆ.

ನೀರು ಹೊಡೆದು ತೊಳೆಯುವುದು

ಪೇವರ್ ಬ್ಲಾಕು, ಕಾಂಕ್ರೀಟು ಅಂಗಳದಂಥ, ನೀರು ಇಳಿದು ಹೋಗಲು ದಾರಿಯಿರುವ ಕಡೆ ಸರಿ. ಇಟ್ಟಿಗೆ ಗೋಡೆಗೆ ಹೋಸ್ ಪೈಪು ಹಿಡಿದರೆ ಮೇಲಿನ ಉಪ್ಪಿನ ಅರ್ಧ ಕೆಳಗೆ ಹರಿಯುತ್ತದೆ, ಉಳಿದರ್ಧ ಕರಗಿ ಒಳಕ್ಕೆ ಹೋಗುತ್ತದೆ. ಸಂಜೆಗೆ ಗೋಡೆ ಕೆಂಪಗೆ ಹೊಸದರಂತೆ ಕಾಣುತ್ತದೆ, ಹತ್ತು ದಿನದಲ್ಲಿ ಮತ್ತೆ ಬಿಳಿ. ತೊಳೆಯಲೇಬೇಕಿದ್ದರೆ ಮೊದಲು ಒಣಗಿದ್ದಾಗ ಬ್ರಷ್ಷಿನಿಂದ ಉಜ್ಜಿ ತೆಗೆದು, ಆಮೇಲೆ ಹಿಂಡಿದ ಸ್ಪಂಜಿನಿಂದ ಒರೆಸಿ, ಬಕೆಟ್ಟಿನ ನೀರನ್ನು ಮೇಲಿಂದ ಮೇಲೆ ಬದಲಿಸಿ. ತೊಳೆಯುವ ನೀರೇ ಗಡಸಾಗಿದ್ದರೆ ತೊಳೆಯದಿರುವುದೇ ಮೇಲು. ಕೋಲಾರದ ಕಡೆಯಂಥ ಆಳದ ಬೋರಿನ ನೀರಿನಲ್ಲಿ ಕರಗಿದ ಘನಾಂಶ ಲೀಟರಿಗೆ 1500 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಅಂಥ 100 ಲೀಟರು ಗೋಡೆಯ ಮೇಲೆ ಆರಿದರೆ 150 ಗ್ರಾಂ ಲವಣ ನೀವೇ ಬಳಿದ ಹಾಗಾಯಿತು. ಪ್ರೆಷರ್ ವಾಷರಿನ ಸೂಜಿಮೊನೆಯ ನಾಜಲ್ ನಾಡ ಇಟ್ಟಿಗೆಗೂ ಸುಣ್ಣದ ಗಾರೆಯ ಸಂದುಗಳಿಗೂ ಶತ್ರು.

ಆಸಿಡ್

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅತಿ ಹೆಚ್ಚು ಬಳಕೆಯಾಗುವುದೂ ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಆಸಿಡ್ಡಿನಿಂದ ಹೋಗುವುದು ಒಂದೇ ಜಾತಿಯ ಬಿಳಿ: ನಿಂಬೆರಸಕ್ಕೆ ನೊರೆದ ಕ್ಯಾಲ್ಸಿಯಂ ಕಾರ್ಬೊನೇಟು. ಸಲ್ಫೇಟು, ಕ್ಲೋರೈಡು, ನೈಟ್ರೇಟಿಗೆ ಆಸಿಡ್ ಬೇಕಿಲ್ಲ, ಅವು ಬರೀ ನೀರಿಗೇ ಕರಗುತ್ತವೆ. ‘ಆಸಿಡ್ ಹಾಕಿದೆ, ಹೋಯಿತು’ ಅನ್ನುವವರಲ್ಲಿ ಬಹಳ ಮಂದಿಗೆ ಕೆಲಸ ಮಾಡಿದ್ದು ಆಸಿಡ್ಡಿನ ಜೊತೆಗಿದ್ದ ನೀರು. ಆಸಿಡ್ಡು ಮಾಡಿದ್ದು ಗೋಡೆಗೆ ಹೊಸದಾಗಿ ಕ್ಲೋರೈಡು ಸೇರಿಸಿದ್ದು.

ಸರಿಯಾದ ಜಾಗ ಎಂದರೆ ಕಾಂಕ್ರೀಟು ಪೇವರ್, ಸಿಮೆಂಟು ಚೆಲ್ಲಿ ಕಲೆಯಾದ ವೈರ್‌ಕಟ್ (ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ) ಇಟ್ಟಿಗೆ, ಕಾಂಕ್ರೀಟಿನ ಮೇಲಿನ ಸುಣ್ಣದ ಗಟ್ಟಿ ಪದರ. ಅಂಗಡಿಯ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 30 ಶೇಕಡಾದ್ದು. ಒಂದು ಪಾಲು ಆಸಿಡ್ಡಿಗೆ ಕನಿಷ್ಠ ಹತ್ತು ಪಾಲು ನೀರು, ಬಣ್ಣದ ಪೇವರಿಗೆ ಇಪ್ಪತ್ತು ಪಾಲು. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ಮೊದಲು, ಅದಕ್ಕೆ ಆಸಿಡ್ ಆಮೇಲೆ. ತಿರುಗಾಮುರುಗಾ ಮಾಡಿದರೆ ಕುದಿದು ಮುಖಕ್ಕೆ ಹಾರುತ್ತದೆ. ರಬ್ಬರ್ ಕೈಗವಸು, ಕನ್ನಡಕ, ಗಾಳಿ ಬರುವ ಜಾಗ ಕಡ್ಡಾಯ. ಬ್ಲೀಚಿಂಗ್ ಪೌಡರ್ ಬಳಿದ ನೆಲದ ಮೇಲೆ ಯಾವತ್ತೂ ಬೇಡ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಮೇಲ್ಮೈಯನ್ನು ಮೊದಲು ಬರೀ ನೀರಿನಿಂದ ಚೆನ್ನಾಗಿ ತೋಯಿಸಿ, ರಂಧ್ರಗಳು ನೀರು ಕುಡಿದಿದ್ದರೆ ಆಸಿಡ್ ಒಳಗಿಳಿಯುವುದಿಲ್ಲ. ಎರಡು ಅಡಿ ಚೌಕ ತುಂಡಿನಲ್ಲಿ ಪರೀಕ್ಷಿಸಿ, ಒಣಗಲು ಬಿಟ್ಟು ಬಣ್ಣ ನೋಡಿ. ನಂತರ ಹತ್ತು ಚದರಡಿಯಂತೆ ಬಳಿದು, ನೊರೆ ನಿಂತ ಕೂಡಲೇ, ಅಂದರೆ ಮೂರರಿಂದ ಐದು ನಿಮಿಷದೊಳಗೆ ಉಜ್ಜಿ ತೊಳೆಯಿರಿ. ಕೊನೆಗೆ ಅಡುಗೆ ಸೋಡಾ ಲೀಟರಿಗೆ ಎರಡು ದೊಡ್ಡ ಚಮಚ ಬೆರೆಸಿದ ನೀರು, ಮತ್ತೆ ಎರಡು ಸಲ ಬರೀ ನೀರು. ಈ ಕೊನೆಯ ತೊಳೆತ ಕಡಿಮೆಯಾದರೆ ಸೋಡಾವೇ ಮುಂದಿನ ತಿಂಗಳು ಬಿಳಿಯಾಗಿ ಏಳುತ್ತದೆ.

ಮನೆಯವರೇ ಮಾಡುವುದಾದರೆ ಸಲ್ಫಾಮಿಕ್ ಆಸಿಡ್ ಪುಡಿ ವಾಸಿ: ಹೊಗೆ ಏಳುವುದಿಲ್ಲ, ಕ್ಲೋರೈಡು ಬಿಡುವುದಿಲ್ಲ, ಲೀಟರಿಗೆ 50ರಿಂದ 100 ಗ್ರಾಂ ಸಾಕು. ಅದಕ್ಕೂ ಕೈಗವಸು, ಕನ್ನಡಕ ಬೇಕು. ತೆಳು ಬಿಳಿಗೆ ವಿನೆಗರ್ರೂ ಆಗುತ್ತದೆ, ಆದರೆ ದೊಡ್ಡ ಅಂಗಳಕ್ಕೆ ಎಷ್ಟು ಬಾಟಲಿ ಸುರಿಯುತ್ತೀರಿ? ಅದು ಬಿಡುವ ಕ್ಯಾಲ್ಸಿಯಂ ಅಸಿಟೇಟೂ ಕರಗುವ ಲವಣವೇ, ಹಾಗಾಗಿ ತೊಳೆಯುವುದು ಇಲ್ಲೂ ತಪ್ಪಿದ್ದಲ್ಲ. ಪಾಯಿಖಾನೆ ತೊಳೆಯುವ ನೀಲಿ ದ್ರವ ಬೇಡ, ಬಣ್ಣ ಮತ್ತು ಸೋಪು ರಂಧ್ರದಲ್ಲಿ ನಿಲ್ಲುತ್ತದೆ.

ಆಸಿಡ್ ಮುಟ್ಟಿಸಲೇಬಾರದ ಕಲ್ಲುಗಳನ್ನು ನೆನಪಿಡಿ. ಶಹಾಬಾದಿ ಕಲ್ಲು, ಕಡಪಾ ಕಲ್ಲು, ಮಾರ್ಬಲ್ ಮೂರೂ ಸುಣ್ಣದ ಮನೆತನದವು. ಬಿಳಿಯ ಜೊತೆ ಕಲ್ಲೂ ಕರಗಿ ಹೊಳಪು ಶಾಶ್ವತವಾಗಿ ಹೋಗುತ್ತದೆ, ನಿಂಬೆಹಣ್ಣು ಉಜ್ಜಿದರೂ ಅಷ್ಟೆ. ಕರಾವಳಿಯ ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ತುಂಬಿದೆ, ಆಸಿಡ್ ಅದನ್ನು ಕರಗಿಸಿ ಹಳದಿ-ಕಂದು ಇಳಿಗೆರೆ ಮಾಡುತ್ತದೆ. ಸಾದರಹಳ್ಳಿಯ ಬೂದು ಕಲ್ಲು ಆಸಿಡ್ಡಿಗೆ ಕರಗದು, ಆದರೆ ಅದರೊಳಗಿನ ಕಪ್ಪು ಅಭ್ರಕದ ಕಬ್ಬಿಣ ಹೊರಬಂದು ಹಳದಿಯಾಗಬಹುದು, ಸಂದಿನ ಸಿಮೆಂಟು ಸವೆಯುವುದಂತೂ ಖಂಡಿತ. ತಿಳಿ ಬಣ್ಣದ ಇಟ್ಟಿಗೆಯ ಮೇಲೆ ಹಸಿರು ಅಥವಾ ಹಳದಿ-ಹಸಿರು ಕಲೆಯಿದ್ದರೆ ಅದು ಮಣ್ಣಿನಲ್ಲಿದ್ದ ವನೇಡಿಯಂ, ಹೈಡ್ರೋಕ್ಲೋರಿಕ್ ಬಿದ್ದರೆ ಕಂದುಬಣ್ಣಕ್ಕೆ ತಿರುಗಿ ಅಲ್ಲೇ ಕೂತುಬಿಡುತ್ತದೆ.

ಲೇಪ ಹಚ್ಚಿ ಉಪ್ಪು ಹೀರುವುದು

ಕೆತ್ತನೆಯ ಕಲ್ಲು, ಹಳೆಯ ಮನೆಯ ಇಟ್ಟಿಗೆ ಕಂಬ, ಉಪ್ಪು ಒಳಗೇ ತುಂಬಿ ಮುಖ ಕಳಚುತ್ತಿರುವ ಗೋಡೆಗೆ ಬ್ರಷ್ಷು ಸಾಲದು, ಆಸಿಡ್ ಸಲ್ಲದು. ಸ್ಮಾರಕಗಳ ಸಂರಕ್ಷಣೆಯಲ್ಲಿ ಬಳಸುವ ಕಾಗದದ ತಿರುಳಿನ ಲೇಪ ಅಂಥ ಕಡೆಗೆ. ತತ್ವ ಸರಳ: ಗೋಡೆಗಿಂತ ಲೇಪ ಕೊನೆಗೆ ಒಣಗಬೇಕು, ಹರಳು ಕಟ್ಟುವ ಜಾಗ ಗೋಡೆಯಿಂದ ಲೇಪಕ್ಕೆ ದಾಟಬೇಕು.

ಮನೆಯಲ್ಲಿ ಮಾಡುವ ಮಿಶ್ರಣಕ್ಕೆ ಬಣ್ಣ-ಮುದ್ರಣ ಇಲ್ಲದ ಟಿಶ್ಯೂ ಕಾಗದ ನೆನೆಸಿ ರುಬ್ಬಿದ ತಿರುಳು ಒಂದು ಪಾಲು, ಕೆಯೊಲಿನ್ ಜೇಡಿ ಒಂದು ಪಾಲು, ತೊಳೆದ ಸಣ್ಣ ಮರಳು ಒಂದು ಪಾಲು. ಕಲಸಲು ಡಿಸ್ಟಿಲ್ಡ್ ಅಥವಾ ಆರ್‌ಒ ನೀರು, ಚಪಾತಿ ಹಿಟ್ಟಿಗಿಂತ ತುಸು ಸಡಿಲ. ಆರ್‌ಒ ಯಂತ್ರದಿಂದ ಹೊರಹೋಗುವ ತ್ಯಾಜ್ಯ ನೀರನ್ನು ಅಪ್ಪಿತಪ್ಪಿಯೂ ಹಾಕಬೇಡಿ, ಮನೆಯಲ್ಲಿರುವ ಅತಿ ಉಪ್ಪಿನ ನೀರು ಅದೇ. ಗೋಡೆಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ಸ್ಪ್ರೇಯಿಂದ ಹದವಾಗಿ ತೇವ ಮಾಡಿ, 10ರಿಂದ 20 ಮಿಲಿಮೀಟರ್ ದಪ್ಪಕ್ಕೆ ಒತ್ತಿ ಮೆತ್ತಿ. ಗಾಳಿ ಸೇರಿದ ಕಡೆ ಉಪ್ಪು ದಾಟುವುದಿಲ್ಲ. ಮೊದಲ ದಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ನೀರು ಒಳಗಿಳಿದು ಉಪ್ಪನ್ನು ಕರಗಿಸಲಿ. ಮರುದಿನ ತೆಗೆದು ಒಂದರಿಂದ ಮೂರು ವಾರ ನೆರಳಲ್ಲಿ ಆರಲು ಬಿಡಿ. ಪೂರ್ತಿ ಒಣಗಿ ಬಿರಿದು ತಾನೇ ಏಳತೊಡಗಿದಾಗ ಕಿತ್ತು ದೂರ ಎಸೆಯಿರಿ.

ಎಷ್ಟು ಸಲ ಎಂಬುದನ್ನು ಕಣ್ಣಳತೆಗೆ ಬಿಡಬೇಡಿ. ನೀರಿನಲ್ಲಿ ಕರಗಿದ ಘನಾಂಶ ತೋರಿಸುವ ಟಿಡಿಎಸ್ ಪೆನ್ನು ಸಾಕು. ಕಿತ್ತ ಲೇಪ 10 ಗ್ರಾಂ, ಡಿಸ್ಟಿಲ್ಡ್ ನೀರು 100 ಮಿಲಿಲೀಟರು, ಕಲಕಿ ಒಂದು ಗಂಟೆ ಬಿಟ್ಟು ಅಂಕಿ ಬರೆದಿಡಿ. ಹಚ್ಚದೇ ಉಳಿದ ಲೇಪವನ್ನೂ ಒಣಗಿಸಿ ಇದೇ ರೀತಿ ಅಳೆದಿಟ್ಟರೆ ಹೋಲಿಕೆಗೆ ಬುನಾದಿ ಸಿಗುತ್ತದೆ. ಎರಡು ಸುತ್ತಿನ ಅಂಕಿ ಹೆಚ್ಚುಕಡಿಮೆ ಒಂದೇ ಆದಾಗ ನಿಲ್ಲಿಸಿ. ಮೂರು-ನಾಲ್ಕು ಸುತ್ತು ಸಾಮಾನ್ಯ. ಸುಣ್ಣದ ಗಟ್ಟಿ ಪದರಕ್ಕೆ ಮಾತ್ರ ಇದರಿಂದ ಏನೂ ಆಗದು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಯಾದರೆ ಇದನ್ನೂ ನೀವಾಗಿ ಮಾಡುವಂತಿಲ್ಲ, 1958ರ ಸ್ಮಾರಕ ಕಾಯ್ದೆ ಇದೆ.

ಪೇಂಟು, ಪುಟ್ಟಿ, ಟೈಲ್ಸು

ಒಳಗೋಡೆಯ ಕೆಳಭಾಗಕ್ಕೆ ಡ್ಯಾಂಪ್‌ಪ್ರೂಫ್ ಪೇಂಟು, ಅಥವಾ ನಾಲ್ಕಡಿ ಎತ್ತರಕ್ಕೆ ಟೈಲ್ಸು, ಇತ್ತೀಚೆಗೆ ಪಿವಿಸಿ ಪ್ಯಾನಲ್ಲು. ಹಿಂದೆ ನೀರು ಬರುತ್ತಲೇ ಇದ್ದರೆ ಮೂರೂ ಒಂದೇ ಕೆಲಸ ಮಾಡುತ್ತವೆ: ಆರುವ ಬಾಗಿಲನ್ನು ಮುಚ್ಚುತ್ತವೆ. ನೀರು ಇನ್ನಷ್ಟು ಮೇಲೇರಿ ಟೈಲ್ಸಿನ ನೆತ್ತಿಯಲ್ಲಿ ಹೊಸ ಗೆರೆ ಬರೆಯುತ್ತದೆ. ಪೇಂಟು ಬಲೂನಿನಂತೆ ಉಬ್ಬುತ್ತದೆ, ಚುಚ್ಚಿದರೆ ಒಳಗೆ ಉಪ್ಪಿನ ಪುಡಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತೇಪೆ ಇನ್ನೂ ಕೆಟ್ಟದ್ದು, ಗಟ್ಟಿಯಾದ ಮೇಲೆ ಅದು ಜಿಪ್ಸಮ್ಮೇ, ಜಿಪ್ಸಮ್ ಎಂದರೆ ಅದೇ ಕ್ಯಾಲ್ಸಿಯಂ ಸಲ್ಫೇಟು, ಉಪ್ಪಿನ ಗೋಡೆಗೆ ಉಪ್ಪನ್ನೇ ಮೆತ್ತಿದ ಹಾಗೆ. ಮುಂದಿನ ವಾರ ಮನೆಯಲ್ಲಿ ಮದುವೆ ಇದ್ದು ಗೋಡೆ ಚೆಂದ ಕಾಣಬೇಕು ಎನ್ನುವವರಿಗೆ ಪ್ಯಾನಲ್ಲು ಆಗಬಹುದು. ಅದನ್ನು ರಿಪೇರಿ ಅನ್ನಬೇಡಿ.

ಹೊರಗೋಡೆಗೆ ಹೊಡೆಯುವ ಸೈಲೇನ್-ಸೈಲಾಕ್ಸೇನ್ ದ್ರವದ ಮಾತು ಬೇರೆ. ಇದು ಪೊರೆ ಕಟ್ಟುವುದಿಲ್ಲ, ರಂಧ್ರದ ಒಳಮೈಗೆ ಅಂಟಿ ಹೊರಗಿನ ಮಳೆನೀರನ್ನು ತಳ್ಳುತ್ತದೆ, ಒಳಗಿನ ಆವಿಯನ್ನು ಬಿಡುತ್ತದೆ. ತೆರೆದ ಇಟ್ಟಿಗೆಯ ಮುಖಕ್ಕೆ ಮಳೆ ಹೊಡೆದು ಉಪ್ಪು ಏಳುತ್ತಿದ್ದರೆ ಅಕ್ರಿಲಿಕ್ ಹೊಳಪಿನ ಕೋಟಿಗಿಂತ ಇದು ಎಷ್ಟೋ ಮೇಲು. ಅಕ್ರಿಲಿಕ್ಕು ಮೊದಲ ವರ್ಷ ಮಿನುಗುತ್ತದೆ, ಆಮೇಲೆ ಹಿಂದೆ ಸಿಕ್ಕಿಕೊಂಡ ತೇವದಿಂದ ಮಂಜಾಗಿ ಸುಲಿಯುತ್ತದೆ. ಆದರೆ ಸೈಲೇನಿಗೂ ಒಂದು ಷರತ್ತು: ಗೋಡೆ ಒಣಗಿರಬೇಕು, ಉಪ್ಪು ಹೊರಟುಹೋಗಿರಬೇಕು. ಬುಡದಿಂದ ನೀರು ಏರುವ ಗೋಡೆಗೆ ಇದನ್ನು ಹೊಡೆದರೆ ದ್ರವರೂಪದ ನೀರು ಲೇಪದ ಗಡಿಯಲ್ಲೇ ನಿಂತು ಆವಿಯಾಗುತ್ತದೆ, ಉಪ್ಪು ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಒಳಗೆ ಗುಡ್ಡೆಯಾಗುತ್ತದೆ, ಒಂದೆರಡು ವರ್ಷದಲ್ಲಿ ಆ ಇಡೀ ಮುಖವೇ ಚಕ್ಕೆಯಾಗಿ ಕಳಚುತ್ತದೆ. ಮಾರುವವರು ಇದನ್ನು ಹೇಳುವುದು ಕಡಿಮೆ. ಹೊಸ ಸಿಮೆಂಟು ಕೆಲಸವಾದರೆ ಕನಿಷ್ಠ 28 ದಿನ ಕಾದು, ಒಂದು ಒಣ ಋತುವಿನಲ್ಲಿ ಬ್ರಷ್ಷು ಹೊಡೆದು, ಮತ್ತೆ ಬಿಳಿ ಏಳದಿದ್ದಾಗ ಮಾತ್ರ ಹಚ್ಚಿ. ಮೊದಲ ಕೋಟು ಹಸಿಯಿರುವಾಗಲೇ ಎರಡನೆಯದು, ಕೆಳಗಿನಿಂದ ಮೇಲಕ್ಕೆ.

ಸುಣ್ಣದ ಗಾರೆಯೋ ಸಿಮೆಂಟಿನದೋ

ಗಾರೆ ಉದುರಿದ ಹಳೆಯ ಗೋಡೆಗೆ ಇದೇ ಮುಖ್ಯ ಆಯ್ಕೆ. ಮಣ್ಣು ಅಥವಾ ಸುಣ್ಣದಲ್ಲಿ ಕಟ್ಟಿದ ಕಲ್ಲಿನ ಇಲ್ಲವೇ ಇಟ್ಟಿಗೆಯ ಗೋಡೆಗೆ 1:4ರ (ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು) ಗಟ್ಟಿ ಸಿಮೆಂಟು ಬಳಿದರೆ ನೀರಿಗೆ ಆರಲು ಜಾಗ ಸಿಗದೆ ಮೇಲಕ್ಕೆ ಹತ್ತುತ್ತದೆ ಅಥವಾ ಒಳಕೋಣೆಗೆ ತಿರುಗುತ್ತದೆ. ಸಿಮೆಂಟು ಗಟ್ಟಿಯಾಗಿಯೇ ಉಳಿದು ಅದರ ಹಿಂದಿನ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗಾರೆ ಇದಕ್ಕೆ ತದ್ವಿರುದ್ಧ. ಉಸಿರಾಡುತ್ತದೆ, ಉಪ್ಪನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ, ಕೆಲವು ವರ್ಷಕ್ಕೆ ತಾನು ಉದುರಿ ಇಟ್ಟಿಗೆಯನ್ನು ಉಳಿಸುತ್ತದೆ. ಉದುರುವುದು ಅದರ ಸೋಲಲ್ಲ, ಅದರ ಕೆಲಸವೇ ಅದು. ಇದನ್ನು ಒಪ್ಪಿಕೊಳ್ಳಲಾಗದವರು ಈ ದಾರಿಗೆ ಬರಬೇಡಿ.

ಉಪ್ಪಿನ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೆಯ ಗಾರೆ ಕೆತ್ತಿ, ಸಂದುಗಳನ್ನು 15ರಿಂದ 20 ಮಿಲಿಮೀಟರ್ ಆಳಕ್ಕೆ ಕೆರೆಯಿರಿ. ಕೆತ್ತಿದ ಪುಡಿಯನ್ನು ಅಂದೇ ಸಾಗಿಸಿ, ಅಂಗಳ ತುಂಬಲು ಬಳಸಬೇಡಿ. ಆಮೇಲೆ ಕಾಯುವುದು. ಗೋಡೆ ಒಂದಿಂಚು ದಪ್ಪಕ್ಕೆ ಒಂದು ತಿಂಗಳಂತೆ ಆರುತ್ತದೆ ಎಂಬುದು ಸ್ಥೂಲ ಲೆಕ್ಕ. ಒಂಬತ್ತಿಂಚಿನ ಗೋಡೆಗೆ ಒಂಬತ್ತು ತಿಂಗಳು, ಎರಡೂ ಮುಖ ತೆರೆದಿದ್ದರೆ ಬೇಗ. ಅಷ್ಟು ಕಾಯಲಾಗದಿದ್ದರೂ ಒಂದು ಬೇಸಿಗೆಯಾದರೂ ಬಿಡಿ, ನಡುವೆ ಏಳುವ ಬಿಳಿಯನ್ನು ಬ್ರಷ್ಷಿನಿಂದ ತೆಗೆಯುತ್ತಿರಿ. ಕೊಳೆಹಾಕಿದ ಸುಣ್ಣ ಒಂದು ಪಾಲಿಗೆ ತೊಳೆದ ಮರಳು ಮೂರು ಪಾಲು, ಪದರಕ್ಕೆ 10-12 ಮಿಲಿಮೀಟರ್, ಎರಡು ಪದರ. ಮೊದಲನೆಯದು ಉಗುರಿಗೆ ಗೀರು ಬೀಳುವಷ್ಟು ಗಟ್ಟಿಯಾದ ಮೇಲೆ ಎರಡನೆಯದು. ನಾಲ್ಕೈದು ದಿನ ತೇವದ ಗೋಣಿ ಹೊದಿಸಿ. ‘ಬೇಗ ಹಿಡಿಯಲಿ’ ಅಂತ ಮೇಸ್ತ್ರಿ ಒಂದು ಬೊಗಸೆ ಸಿಮೆಂಟು ಸೇರಿಸಲು ಬಂದರೆ ತಡೆಯಿರಿ. ಮೇಲೆ ಸುಣ್ಣ ಬಳಿಯಿರಿ, ಪ್ಲಾಸ್ಟಿಕ್ ಪೇಂಟಲ್ಲ. ಈ ಕೆಲಸ ಬಲ್ಲ ಕೈ ಸಿಗುವುದೇ ಕಷ್ಟ, ಖರ್ಚು ಹೆಚ್ಚಾಗುವುದು ಸಾಮಗ್ರಿಗಲ್ಲ, ಅದಕ್ಕೆ.

ಬುಡದ ನೀರು ತಡೆಯಲು ಗೋಡೆಗೆ ತೂತು ಕೊರೆದು ಸೈಲೇನ್ ಕ್ರೀಮು ತುಂಬುವ ವಿಧಾನವೂ ಇದೆ: ಹೊರನೆಲಕ್ಕಿಂತ 15 ಸೆಂಟಿಮೀಟರ್ ಎತ್ತರದ ಗಾರೆಯ ಸಾಲಿನಲ್ಲಿ 12 ಮಿಲಿಮೀಟರ್ ತೂತು, 10-12 ಸೆಂಟಿಮೀಟರಿಗೊಂದು, ಆಚೆ ಮುಖಕ್ಕೆ ನಾಲ್ಕು ಸೆಂಟಿಮೀಟರ್ ಉಳಿಯುವಷ್ಟು ಆಳ. ಸಾಲು ಸಾಲಾಗಿ ಕಟ್ಟಿದ ಇಟ್ಟಿಗೆ ಗೋಡೆಗೆ ಫಲ ಕೊಡುತ್ತದೆ. ಒಳಗೆ ಪೊಳ್ಳಿರುವ ಕಾಡುಕಲ್ಲಿನ ಗೋಡೆಯಲ್ಲಿ ಕ್ರೀಮು ಎತ್ತಲೋ ಹರಿದುಹೋಗುತ್ತದೆ. ಅಲ್ಲಿ ಹೊರಗಿನ ಮಣ್ಣು ಒಂದಡಿ ತಗ್ಗಿಸಿ, ಬುಡದಲ್ಲಿ ಜಲ್ಲಿ ತುಂಬಿದ ಕಾಲುವೆ ಮಾಡಿ ನೀರು ಬೇರೆಡೆ ಹರಿಸುವುದೇ ಒಳ್ಳೆಯದು. ಮೊದಲು ಸಲಿಕೆ ಹಿಡಿಯಿರಿ, ಡ್ರಿಲ್ಲು ಆಮೇಲೆ. ಯಾವುದನ್ನು ಮಾಡಿದರೂ ಹಳೆಯ ಗಾರೆಯೊಳಗಿನ ಉಪ್ಪು ಹಾಗೇ ಇರುತ್ತದೆ, ಅದನ್ನು ಕೆತ್ತುವುದು ತಪ್ಪುವುದಿಲ್ಲ. ಅಡುಗೆ ಉಪ್ಪಿನಂಥ ಸೋಡಿಯಂ ಕ್ಲೋರೈಡು ಗಾಳಿಯ ಆರ್ದ್ರತೆ 75 ಶೇಕಡಾ ದಾಟಿದರೆ ತಾನೇ ನೀರು ಹೀರಿ ಒದ್ದೆಯಾಗುತ್ತದೆ. ಮಂಗಳೂರು, ಉಡುಪಿಯಲ್ಲಿ ನೀರಿನ ದಾರಿ ಮುಚ್ಚಿದ ಮೇಲೂ ಮಳೆಗಾಲದುದ್ದಕ್ಕೂ ಗೋಡೆ ಒದ್ದೆ ಕಾಣುವುದು ಇದಕ್ಕೇ.

ಕಾಂಕ್ರೀಟು ಸ್ಲ್ಯಾಬಿನ ಕೆಳಗಿನ ಬಿಳಿ

ತಾರಸಿಯ ಕೆಳಮೈಯಲ್ಲಿ, ಸಂಪಿನ ಗೋಡೆಯಲ್ಲಿ ಬಿರುಕಿನುದ್ದಕ್ಕೂ ಬಿಳಿ ಗಟ್ಟಿ ಇಳಿಗಳು, ಕೆಲವೊಮ್ಮೆ ಗುಹೆಯ ಸುಣ್ಣದ ಕಡ್ಡಿಗಳಂತೆ ತೂಗುವುದು. ಇಲ್ಲಿ ತೊಳೆಯುವ ವಿಧಾನಗಳನ್ನು ಹೋಲಿಸುವುದೇ ವ್ಯರ್ಥ. ನೀರು ಬಿರುಕಿನಲ್ಲಿ ಹಾದು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ತರುತ್ತಿದೆ, ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರವೇ ಆ ಸುಣ್ಣ. ಕೆಳಗಿನಿಂದ ಪುಟ್ಟಿ ಬಳಿಯುವುದು ಮತ್ತು ಮೇಲಿನಿಂದ ತಾರಸಿ ರಿಪೇರಿ ಮಾಡುವುದು ಇವೆರಡರ ನಡುವೆ ಯಾವಾಗಲೂ ಮೇಲಿನಿಂದ. ಇಳಿಜಾರು ಸರಿಪಡಿಸಿ, ಬಿರುಕು ತೆರೆದು ತುಂಬಿ, ಆಮೇಲೆ ವಾಟರ್‌ಪ್ರೂಫಿಂಗ್. ಮೇಲಿನಿಂದ ತಲುಪಲಾಗದ ಕಡೆ ಮಾತ್ರ ಪಾಲಿಯುರೆಥೇನ್ ಇಂಜೆಕ್ಷನ್. ಬಿಳಿಯ ನಡುವೆ ಕಂದು ಗೆರೆ ಕಂಡರೆ ಕಂಬಿ ತುಕ್ಕು ಹಿಡಿದಿದೆ. ಪೇಂಟರನ್ನು ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಪೇವರ್ ಬ್ಲಾಕಿಗೆ

ಏನೂ ಮಾಡದಿರುವುದೂ ಒಂದು ಆಯ್ಕೆ. ಹೊಸ ಬ್ಲಾಕಿನ ಮೇಲಿನ ಸುಣ್ಣದ ಮಬ್ಬು ಒಂದೆರಡು ಮಳೆಗಾಲದಲ್ಲಿ ಮಳೆನೀರಿಗೇ ಮೆಲ್ಲಗೆ ಕರಗಿಹೋಗುತ್ತದೆ.

ಇನ್ನೂ ಕಟ್ಟುತ್ತಿದ್ದರೆ

ಇಟ್ಟಿಗೆಯ ಲೋಡು ಇಳಿಸುವ ಮೊದಲು ಐದು ಇಟ್ಟಿಗೆ ತಂದು ಭಾರತೀಯ ಮಾನಕ ಐಎಸ್ 3495ರ ಮೂರನೇ ಭಾಗದ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅಗಲ ತಟ್ಟೆಯಲ್ಲಿ 25 ಮಿಲಿಮೀಟರ್ ಡಿಸ್ಟಿಲ್ಡ್ ನೀರು, ಅದರಲ್ಲಿ ಇಟ್ಟಿಗೆಯನ್ನು ತುದಿಯ ಮೇಲೆ ನಿಲ್ಲಿಸಿ, ಗಾಳಿಯಾಡುವ ಕೋಣೆಯಲ್ಲಿ ನೀರೆಲ್ಲ ಇಂಗಿ ಆರುವವರೆಗೆ ಬಿಡಿ. ಒಣಗಿದ ಮೇಲೆ ಅಷ್ಟೇ ನೀರು ಮತ್ತೊಮ್ಮೆ. ಎರಡನೇ ಸಲ ಆರಿದ ಮೇಲೆ ನೋಡಿ: ಬಿಳಿ ಮೇಲ್ಮೈಯ 10 ಶೇಕಡಾದೊಳಗಿದ್ದರೆ ಅಲ್ಪ, 50ರೊಳಗಿದ್ದರೆ ಮಧ್ಯಮ, ಅದನ್ನೂ ಮೀರಿದರೆ ತೀವ್ರ, ಜೊತೆಗೆ ಪುಡಿ ಉದುರಿದರೆ ಗಂಭೀರ. ಗಾರೆ ಬಳಿಯುವ ಗೋಡೆಗೆ ಮಧ್ಯಮದವರೆಗೆ ನಡೆಯುತ್ತದೆ, ತೆರೆದ ಇಟ್ಟಿಗೆಯ ಗೋಡೆಗೆ ಅಲ್ಪವನ್ನು ದಾಟಿದ್ದು ಬೇಡ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ನೆಲದಂಥ ಕಡೆಯ ಮಣ್ಣಿನ ಇಟ್ಟಿಗೆಗೆ ಈ ಪರೀಕ್ಷೆ ತಪ್ಪಿಸಲೇಬೇಡಿ.

ಕಲಸುವ ನೀರಿಗೆ ಐಎಸ್ 456ರ ಮಿತಿ: ಸಲ್ಫೇಟು ಲೀಟರಿಗೆ 400 ಮಿಲಿಗ್ರಾಂ, ಕ್ಲೋರೈಡು ಕಂಬಿ ಹಾಕಿದ ಕಾಂಕ್ರೀಟಿಗೆ 500, ಕಂಬಿ ಇಲ್ಲದ್ದಕ್ಕೆ 2000. ಬೋರಿನ ನೀರು ಇದಕ್ಕಿಂತ ಮೇಲಿದ್ದರೆ ಟ್ಯಾಂಕರಿಗೆ ಕೊಡುವ ಹಣ ಮುಂದೆ ಗಾರೆ ಕೆತ್ತಿಸುವ ಹಣಕ್ಕಿಂತ ಕಡಿಮೆಯೇ. ತಳಪಾಯದ ಮೇಲೆ 1:2:4ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟಿನ, 40 ಮಿಲಿಮೀಟರ್ ದಪ್ಪದ ತೇವತಡೆ ಪದರ ಹಾಕಿಸಿ, ಮೇಲೆ ಬಿಟುಮೆನ್ ಬಳಿಸಿ. ಪ್ಲಿಂತ್ ಬೀಮ್ (ತಳಪಾಯದ ಮೇಲಿನ ಕಾಂಕ್ರೀಟು ತೊಲೆ) ಇದೆಯಲ್ಲ ಎಂದು ಇದನ್ನು ಬಿಡುವುದು ರೂಢಿಯಾಗಿದೆ. ಬೀಮಿನ ಕಾಂಕ್ರೀಟು ಸಡಿಲವಾಗಿದ್ದರೆ ಅದೂ ನೀರು ಹೀರುತ್ತದೆ. ಸಂಜೆ ಕೆಲಸ ನಿಂತಾಗ ಅರ್ಧ ಕಟ್ಟಿದ ಗೋಡೆಯ ನೆತ್ತಿಗೆ ಟಾರ್ಪಾಲು ಹೊದಿಸಿ, ಇಟ್ಟಿಗೆಯ ರಾಶಿಯನ್ನು ಬರಿನೆಲದ ಮೇಲೆ ಪೇರಿಸದೆ ಹಲಗೆಯ ಮೇಲೆ ಇಡಿಸಿ.